ಚಂಡೀಗಢಕ್ಕೆ ವರ್ಗವಾಯಿತಾ? ಸೆಕ್ಟರ್ ಆರಿಸುವ ಮೊದಲು ಇಷ್ಟು ನೋಡಿ

"ಸಾರ್, ಸೆಕ್ಟರ್ 8 ಒಳ್ಳೇದಾ, 38 ಒಳ್ಳೇದಾ?"

ವರ್ಗಾವಣೆಯ ತಿಂಗಳು ಬಂತೆಂದರೆ ಇಂಥ ಫೋನು ಎರಡಾದರೂ ಬರುತ್ತದೆ. ಬ್ಯಾಂಕಿನವರು, ಸೈನ್ಯದವರು, ಇಲ್ಲಿನ ದೊಡ್ಡ ಸರ್ಕಾರಿ ಆಸ್ಪತ್ರೆ ಪಿಜಿಐನಲ್ಲಿ ಸೀಟು ಸಿಕ್ಕ ಡಾಕ್ಟರ ಅಪ್ಪ ಅಮ್ಮ. ಎಲ್ಲರ ಕೈಯಲ್ಲೂ ನಾಲ್ಕೈದು ಸೆಕ್ಟರ್ ನಂಬರಿನ ಪಟ್ಟಿ ಇರುತ್ತದೆ, ಯಾರೋ ಬ್ರೋಕರ್ ಬರೆದು ಕೊಟ್ಟದ್ದು. ಜಯನಗರ 4ನೇ ಬ್ಲಾಕ್ ಅಂದರೆ ನಮಗೆ ಕಾಂಪ್ಲೆಕ್ಸು, ಬಸ್ ಸ್ಟ್ಯಾಂಡು, ಹೂವಿನ ಅಂಗಡಿ ಕಣ್ಮುಂದೆ ಬರುತ್ತವೆ. ಸೆಕ್ಟರ್ 38 ಅಂದರೆ ಏನು ಬರಬೇಕು? ಬರೀ ಅಂಕಿ.

ನಾನು ಈ ಊರಿಗೆ ಬಂದು ಒಂಬತ್ತು ವರ್ಷವಾಯಿತು. ಮೂರು ಮನೆ ಬದಲಿಸಿದೆ. ಮೊದಲನೆಯದು ವಿಳಾಸ ನೋಡಿ ಹಿಡಿದದ್ದು, ಒಂದೇ ವರ್ಷಕ್ಕೆ ಬಿಟ್ಟೆ. ಎರಡನೆಯದನ್ನು ಬಿಡಲು ಮನಸ್ಸಿರಲಿಲ್ಲ. ಮೂರನೆಯದರಲ್ಲಿ ಈಗ ಇದ್ದೇನೆ. ಆ ಲೆಕ್ಕದಲ್ಲಿ ಹೇಳುತ್ತೇನೆ: ಇಲ್ಲಿ ಸೆಕ್ಟರಿನ ಹೆಸರಿಗಿಂತ ನೀವು ಎಷ್ಟನೇ ಮಹಡಿ, ಯಾವ ದಿಕ್ಕು, ಅಂಗಡಿಗೆ ಎಷ್ಟು ಹೆಜ್ಜೆ ಅನ್ನುವುದೇ ಜಾಸ್ತಿ ಮುಖ್ಯ. ಬ್ರೋಕರ್ ಇದನ್ನು ಹೇಳಲ್ಲ.

ಸೆಕ್ಟರ್ ಅಂದರೆ ಏನು

1947ರಲ್ಲಿ ಲಾಹೋರ್ ಗಡಿಯ ಆಚೆ ಉಳಿಯಿತು. ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಮೊದಲು ನಕ್ಷೆ ಬರೆದವರು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಪೋಲೆಂಡಿನ ಮ್ಯಾಥ್ಯೂ ನೋವಿಟ್ಸ್ಕಿ. 1950ರಲ್ಲಿ ನೋವಿಟ್ಸ್ಕಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1951ರಲ್ಲಿ ಕೆಲಸ ಲೆ ಕಾರ್ಬೂಸಿಯೇ ಕೈಗೆ ಬಂತು. ಊರಿಗೆಲ್ಲ ಅವರದೇ ಹೆಸರು. ಆದರೆ ಜನ ವಾಸಿಸುವ ಮನೆಗಳ ಬಗ್ಗೆ ತಲೆ ಕೆಡಿಸಿಕೊಂಡವರು ಮುಖ್ಯವಾಗಿ ಇನ್ನು ಮೂವರು: ಪಿಯರ್ ಜೀನರೆ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ. ಹಾಗಾಗಿ "ಕಾರ್ಬೂಸಿಯೇ ಮನೆ" ಅಂತ ಯಾರಾದರೂ ಬಾಡಿಗೆ ಏರಿಸಿದರೆ ನಕ್ಕು ಸುಮ್ಮನಾಗಿ.

ಒಂದು ಸೆಕ್ಟರ್ ಅಂದರೆ ಸುಮಾರು 800 ಮೀಟರ್ ಅಗಲ, 1200 ಮೀಟರ್ ಉದ್ದದ ಆಯತ. ಸುತ್ತ ಜೋರಾಗಿ ಓಡುವ ರಸ್ತೆ. ಆ ರಸ್ತೆಗೆ ಯಾವ ಮನೆಯ ಗೇಟೂ ತೆರೆಯುವುದಿಲ್ಲ, ಮನೆಗಳೆಲ್ಲ ಬೆನ್ನು ಹಾಕಿ ನಿಂತಿರುತ್ತವೆ. ಒಳಗೆ ಅಡ್ಡಲಾಗಿ ಒಂದು ಅಂಗಡಿ ಬೀದಿ. ಉದ್ದಕ್ಕೆ ಒಂದು ಹಸಿರು ಪಟ್ಟಿ, ಅದರಲ್ಲಿ ಶಾಲೆ, ಆಟದ ಬಯಲು. ಸುತ್ತುವ ಒಂದು ಒಳರಸ್ತೆ, ಅದರಿಂದ ಕವಲೊಡೆದ ಗಲ್ಲಿಗಳು. ಮಗು ದೊಡ್ಡ ರಸ್ತೆ ದಾಟದೆ ಶಾಲೆಗೆ ನಡೆದು ಹೋಗಬೇಕು, ಮನೆಯವರು ಹತ್ತು ನಿಮಿಷದಲ್ಲಿ ತರಕಾರಿ ತಂದುಕೊಳ್ಳಬೇಕು ಅನ್ನುವುದು ಲೆಕ್ಕಾಚಾರ. ಹಾಗೆ ನೋಡಿದರೆ ಪ್ರತಿ ಸೆಕ್ಟರೂ ಒಂದು ಪುಟ್ಟ ಊರು.

ನಂಬರುಗಳಲ್ಲಿ ಒಂದು ಮೋಜಿದೆ. ಊರಿನ ಹಳೆಯ ಭಾಗದಲ್ಲಿ ರಸ್ತೆಯ ಆಚೆ ಈಚೆಯ ಸೆಕ್ಟರುಗಳನ್ನು ಕೂಡಿಸಿದರೆ 13ರ ಮಗ್ಗಿ ಬರುತ್ತದೆ. 9 ಮತ್ತು 17, ಕೂಡಿದರೆ 26. 17 ಮತ್ತು 22, ಕೂಡಿದರೆ 39. ಆದರೆ 13ನೇ ಸೆಕ್ಟರೇ ಇರಲಿಲ್ಲ. ಕೆಲವು ವರ್ಷದ ಹಿಂದೆ ಊರಂಚಿನ ಹಳೆಯ ಪಟ್ಟಣ ಮನಿಮಾಜ್ರಾಕ್ಕೆ ಆ ನಂಬರು ಕೊಟ್ಟರು. ಮನೆ ಹುಡುಕಲು ಇದರಿಂದ ಏನೂ ಪ್ರಯೋಜನವಿಲ್ಲ, ಆದರೆ ದಾರಿ ತಪ್ಪಿದಾಗ ಸ್ವಲ್ಪ ಉಪಯೋಗಕ್ಕೆ ಬರುತ್ತದೆ.

ಏನನ್ನು ತೂಗಬೇಕು

ಮೊದಲನೆಯದು, ನೀವು ದಿನಾ ಹೋಗುವ ಜಾಗ. ಬ್ಯಾಂಕಿನ ದೊಡ್ಡ ಕಚೇರಿಗಳು ಸೆಕ್ಟರ್ 17ರಲ್ಲಿ. ಪಿಜಿಐ 12ರಲ್ಲಿ, ಪಂಜಾಬ್ ವಿಶ್ವವಿದ್ಯಾಲಯ 14ರಲ್ಲಿ. ಸಚಿವಾಲಯ, ಹೈಕೋರ್ಟ್ 1ರಲ್ಲಿ, ಅಂದರೆ ಉತ್ತರದ ತುತ್ತತುದಿ. ಸೈನ್ಯದ ಪಶ್ಚಿಮ ಕಮಾಂಡ್ ಚಂಡಿಮಂದಿರದಲ್ಲಿ, ಅದು ಪಕ್ಕದ ಊರು ಪಂಚಕುಲದ ಕಡೆ. ವಿಜ್ಞಾನ ಕಲಿಸುವ ಕೇಂದ್ರ ಸಂಸ್ಥೆ ಐಸರ್, ಬೆಂಗಳೂರಿನ ಇಸ್ರೋದವರಿಗೆ ಗೊತ್ತಿರುವ ಸೆಮಿಕಂಡಕ್ಟರ್ ಪ್ರಯೋಗಾಲಯ, ಇವೆರಡೂ ಇನ್ನೊಂದು ಪಕ್ಕದ ಊರು ಮೊಹಾಲಿಯಲ್ಲಿ. ಇಲ್ಲಿ ಮೆಟ್ರೋ ಇಲ್ಲ. ಸಿಟಿಯು ಅನ್ನುವ ಸರ್ಕಾರಿ ಬಸ್ ಇದೆ, ಆದರೆ ಅದು ದೊಡ್ಡ ರಸ್ತೆಯಲ್ಲಿ ಇಳಿಸುತ್ತದೆ, ಮನೆ ಒಳಗೆಲ್ಲೋ ಇರುತ್ತದೆ. ಬೆಂಗಳೂರಿನ ಟ್ರಾಫಿಕ್ ಕಂಡವರಿಗೆ ಇಲ್ಲಿಯದು ಟ್ರಾಫಿಕ್ಕೇ ಅಲ್ಲ ಅನ್ನಿಸುತ್ತದೆ. ನಿಜ. ಆದರೆ ಎರಡನೇ ಗಾಡಿ ಇಲ್ಲದ ಮನೆಯಲ್ಲಿ ಉಳಿದವರು ಹೇಗೆ ಓಡಾಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಎರಡನೆಯದು, ಕಾಲ್ನಡಿಗೆಯ ಸುತ್ತಳತೆ. ಜನವರಿಯ ಬೆಳಿಗ್ಗೆ ಏಳು ಗಂಟೆ, ಎದುರು ಮನೆ ಕಾಣದಷ್ಟು ಮಂಜು, ಹಾಲು ಮುಗಿದಿದೆ. ಎಷ್ಟು ದೂರ ನಡೆಯಬೇಕು? ಔಷಧಿ ಅಂಗಡಿ ಎಲ್ಲಿ? ಎಲ್ಲ ಸೆಕ್ಟರಿಗೂ ಮಾರುಕಟ್ಟೆ ಇದೆ ಅನ್ನುವುದು ನಕ್ಷೆಯ ಮಾತು. 12 ಮರ್ಲಾದ ಚಿಕ್ಕ ಮನೆಗಳ ಸಾಲಿನಲ್ಲಿ ಮಾರುಕಟ್ಟೆ ಐದು ನಿಮಿಷ, ಎರಡು ಕನಾಲಿನ ದೊಡ್ಡ ಕೋಠಿಗಳ ಸಾಲಿನಲ್ಲಿ ಅದೇ ಇಪ್ಪತ್ತು ನಿಮಿಷ.

ಈ ಮರ್ಲಾ, ಕನಾಲ್ ಲೆಕ್ಕ ಬಾರದೆ ಇಲ್ಲಿ ಮನೆ ನೋಡಲಾಗದು. ಚಂಡೀಗಢದಲ್ಲಿ ಒಂದು ಮರ್ಲಾ ಅಂದರೆ 25 ಚದರ ಗಜ, 225 ಚದರ ಅಡಿ. ನಮ್ಮ 30×40 ಸೈಟು ಐದು ಮರ್ಲಾಗಿಂತ ಚೂರು ಜಾಸ್ತಿ. 20 ಮರ್ಲಾ ಒಂದು ಕನಾಲ್, ಅಂದರೆ 4,500 ಚದರ ಅಡಿ. ನಮ್ಮ 40×60 ಎರಡು ಸೈಟು ಜೋಡಿಸಿದರೆ ಅದಕ್ಕಿಂತ ಕೊಂಚ ದೊಡ್ಡದಾಗುತ್ತದೆ, ಅಷ್ಟೇ. ಊರ ಹೊರಗೆ, ಪಂಜಾಬಿನ ಹಳ್ಳಿ ಕಡೆ, ಮರ್ಲಾ 272 ಚದರ ಅಡಿ. ಎರಡನ್ನೂ ಬೆರೆಸಿ ಮಾತಾಡುವವರಿದ್ದಾರೆ, ಗಜದಲ್ಲಿ ಹೇಳಿ ಅನ್ನಿ.

ಮೂರನೆಯದು ಬಿಸಿಲು. ಇದನ್ನು ನಮ್ಮ ಕಡೆಯವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಯಾಕಂದರೆ ನಮ್ಮಲ್ಲಿ ಬಿಸಿಲು ಒಂದೇ ಥರ. ಇಲ್ಲಿ ಜೂನ್‌ನಲ್ಲಿ 44 ಡಿಗ್ರಿ ಮುಟ್ಟುತ್ತದೆ. ಜನವರಿಯ ಮಂಜಿನ ದಿನ ನಡುಮಧ್ಯಾಹ್ನ ಕೂಡ 12 ದಾಟದೆ ಇರಬಹುದು. ಒಂದೇ ಮನೆ ಎರಡನ್ನೂ ತಡೆಯಬೇಕು.

ಪೂರ್ವದ ಬಾಗಿಲಿನ ಮನೆಯೇ ಬೇಕು ಅನ್ನುವವರಿಗೆ ಒಂದು ಸುದ್ದಿ. ಈ ಊರನ್ನು ಓರೆಯಾಗಿ ಹಾಕಿದ್ದಾರೆ. ಮುಖ್ಯ ರಸ್ತೆ ಜನ್ ಮಾರ್ಗ್ ನೈಋತ್ಯದಿಂದ ಈಶಾನ್ಯಕ್ಕೆ, ಬೆಟ್ಟದ ಕಡೆಗೆ, ಓಡುತ್ತದೆ. ಮಧ್ಯ ಮಾರ್ಗ್ ಅದಕ್ಕೆ ಅಡ್ಡ. ಹಾಗಾಗಿ ಬಹುತೇಕ ಮನೆಗಳು ನೋಡುವುದು ಈಶಾನ್ಯ, ಆಗ್ನೇಯ, ನೈಋತ್ಯ ಇಲ್ಲವೇ ವಾಯವ್ಯ. ನೇರ ಪೂರ್ವ ಹುಡುಕುತ್ತಾ ಹೋದರೆ ಹೋಟೆಲಿನಲ್ಲೇ ತಿಂಗಳು ಕಳೆಯುತ್ತೀರಿ. ನನ್ನ ಕೇಳಿದರೆ ಆಗ್ನೇಯ ಮೊದಲು: ಚಳಿಗಾಲದಲ್ಲಿ ಬೆಳಗಿನ ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯ ಸಂಜೆ ಬಿಸಿಲು ತಪ್ಪುತ್ತದೆ. ಈಶಾನ್ಯ ಬೇಸಿಗೆಗೆ ಚೆನ್ನ, ಆದರೆ ಜನವರಿಯಲ್ಲಿ ಆ ಕಡೆಯ ಅಡುಗೆಮನೆಯಲ್ಲಿ ದೋಸೆ ಹಿಟ್ಟು ಎರಡು ದಿನವಾದರೂ ಏಳುವುದಿಲ್ಲ. ನಮ್ಮ ಮನೆಯವಳು ಹಿಟ್ಟಿನ ಪಾತ್ರೆಯನ್ನು ರಜಾಯಿಯಲ್ಲಿ ಸುತ್ತಿ ಮಂಚದ ಮೇಲೆ ಮಲಗಿಸುತ್ತಿದ್ದಳು. ನೈಋತ್ಯದ ಮೇಲ್ಮಹಡಿ ಮಾತ್ರ ಬೇಡವೇ ಬೇಡ.

ನಾಲ್ಕನೆಯದು ಕಾಗದ ಪತ್ರ. ಇದು ಕೊಳ್ಳುವವರಿಗೆ. ಅದನ್ನು ಕೊನೆಗೆ ಬೇರೆಯೇ ಹೇಳುತ್ತೇನೆ.

ಬಾಡಿಗೆಯ ಅಂಕಿ ಇಲ್ಲಿ ಹಾಕುವುದಿಲ್ಲ, ಬರೆದ ಆರು ತಿಂಗಳಿಗೆ ಹಳಸುತ್ತದೆ. ಸಾಲು ಮಾತ್ರ ಬದಲಾಗುವುದಿಲ್ಲ. ಉತ್ತರದ ಸಣ್ಣ ನಂಬರು ತುಟ್ಟಿ, ದಕ್ಷಿಣಕ್ಕೆ ಹೋದಂತೆ ಇಳಿಯುತ್ತದೆ. ಅದೇ ಮನೆಯಲ್ಲಿ ನೆಲಮಹಡಿ ತುಟ್ಟಿ, ಮೇಲಕ್ಕೆ ಹೋದಂತೆ ಇಳಿಯುತ್ತದೆ. ಒಂದು ಸಮಾಧಾನ ಏನಂದರೆ ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದಿಲ್ಲ. ಒಂದು ಅಥವಾ ಎರಡು ತಿಂಗಳ ಸೆಕ್ಯುರಿಟಿ, ಜೊತೆಗೆ ಬ್ರೋಕರಿನ ಕಮಿಷನ್.

ಸಣ್ಣ ನಂಬರಿನ ಸೆಕ್ಟರುಗಳು: 2ರಿಂದ 11

ಶಿವಾಲಿಕ್ ಬೆಟ್ಟ ಕಾಣುತ್ತದೆ. ಸುಖ್ನಾ ಕೆರೆಗೆ ಬೆಳಿಗ್ಗೆ ವಾಕಿಂಗ್ ಹೋಗಬಹುದು. ರಸ್ತೆಯ ಎರಡೂ ಕಡೆ ದೊಡ್ಡ ಮರ. ಯಾವ ರಸ್ತೆಗೆ ಯಾವ ಮರ ಅಂತ ಕೂತು ಯೋಚಿಸಿದವರು ಎಂ.ಎಸ್. ರಂಧಾವಾ, ಸಸ್ಯಶಾಸ್ತ್ರ ಬಲ್ಲ ಐಸಿಎಸ್ ಅಧಿಕಾರಿ. ಮೇ-ಜೂನ್‌ನಲ್ಲಿ ಕಕ್ಕೆ ಮರ ಹಳದಿ ಹೂ ಬಿಟ್ಟಾಗ ಈ ಕಡೆ ಸುಮ್ನೆ ಒಂದು ಸುತ್ತು ಹಾಕಬೇಕು.

ಇಲ್ಲಿರುವುದು ಕೋಠಿಗಳು, ಅಂದರೆ ಒಂದು, ಎರಡು ಕನಾಲಿನ ಸ್ವಂತ ಮನೆಗಳು. ಓನರ್ ಕೆಳಗಿರುತ್ತಾರೆ. ಬಾಡಿಗೆಗೆ ಸಿಗುವುದು ಮೇಲಿನ ಮಹಡಿ, ಹಿಂದಿನ ಅನೆಕ್ಸ್, ಇಲ್ಲವೇ ಬರಸಾತಿ. ಬರಸಾತಿ ಅಂದರೆ ತಾರಸಿ ಮೇಲಿನ ಒಂದೆರಡು ಕೋಣೆ.

ನನ್ನ ಮೊದಲ ಮನೆ ಅಂಥದೇ. ಒಂದಂಕಿಯ ಸೆಕ್ಟರ್ ಅಂದಾಗ ದಾವಣಗೆರೆಯಲ್ಲಿ ನಮ್ಮಪ್ಪನಿಗೂ ಹೆಮ್ಮೆ. "ಪಾರ್ಕ್ ಫೇಸಿಂಗ್" ಅಂತ ಬ್ರೋಕರ್ ಹೇಳಿದ್ದ. ಪಾರ್ಕೇನೋ ಇತ್ತು, ಅದು ನೈಋತ್ಯಕ್ಕೆ. ಮಧ್ಯಾಹ್ನ ಎರಡರಿಂದ ಏಳರವರೆಗೆ ಬಿಸಿಲು ನೇರ ಮಲಗುವ ಕೋಣೆಗೆ. ಮೇಲೆ ಕಾದ ತಾರಸಿ, ಅದರ ಮೇಲೆ ಕಪ್ಪು ಟ್ಯಾಂಕು. ಜೂನ್‌ನಲ್ಲಿ ನಲ್ಲಿ ತಿರುಗಿಸಿದರೆ ಅನ್ನಕ್ಕೆ ಎಸರಿಡುವ ನೀರು ಬರುತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಬಕೆಟ್ ತುಂಬಿಟ್ಟು, ಅದು ಆರಿದ ಮೇಲೆ ಸ್ನಾನ. ಕೂಲರ್ ಹಾಕಿದರೆ ಜುಲೈನ ಸೆಕೆಗೆ ಅದು ಕೆಲಸ ಮಾಡಲ್ಲ. ಎಸಿ ಹಾಕಿದರೆ ಕರೆಂಟ್ ಬಿಲ್ಲು. ಹಾಲಿನ ಬೂತ್ ಒಂದು ಕಿಲೋಮೀಟರ್. ಅಕ್ಕಪಕ್ಕದವರೆಲ್ಲ ಸಜ್ಜನರು, ಆದರೆ ಎಲ್ಲರೂ ಕಾರಿನಲ್ಲಿ ಬಂದು ಗೇಟು ತೆಗೆಸಿ ಒಳಗೆ ಹೋಗುವವರು. ಒಂದು ವರ್ಷದಲ್ಲಿ ಎದುರು ಮನೆಯವರ ಹೆಸರು ಗೊತ್ತಾಗಲಿಲ್ಲ.

ಹಾಗಂತ ಈ ಕಡೆ ಯಾರಿಗೂ ಬೇಡ ಅಂತಲ್ಲ. ಪಿಜಿಐನಲ್ಲಿ ಕೆಲಸ ಮಾಡುವ ದಂಪತಿಗೆ ಸೆಕ್ಟರ್ 11ರ ಅನೆಕ್ಸ್ ಸಿಕ್ಕರೆ ಕಣ್ಣು ಮುಚ್ಚಿ ಹಿಡಿಯಬಹುದು, ರಾತ್ರಿ ಡ್ಯೂಟಿ ಮುಗಿಸಿ ಹತ್ತು ನಿಮಿಷದಲ್ಲಿ ಮನೆ. ಹೈಕೋರ್ಟಿನ ವಕೀಲರಿಗೂ ಅಷ್ಟೆ. ನಿವೃತ್ತರಾಗಿ ಕಾರು, ಡ್ರೈವರು ಇರುವವರಿಗೆ ಇದಕ್ಕಿಂತ ಶಾಂತ ಜಾಗ ಬೇರೆ ಊರಲ್ಲಿ ಸಿಗಲಿಕ್ಕಿಲ್ಲ. ಕಡಿಮೆ ದುಡ್ಡಿಗೆ ಇಲ್ಲಿಯೇ ಇರಬೇಕೆಂದು ಬರಸಾತಿ ಹಿಡಿಯುವುದು ಮಾತ್ರ ತಪ್ಪು.

ನಡುವಿನ ಹಳೆಯ ಸೆಕ್ಟರುಗಳು: 15, 18ರಿಂದ 24

ನನ್ನ ಒಲವು ಈ ಕಡೆಗೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನ ಮಾತಿನಿಂದ ಬೇಕಾದಷ್ಟು ಕಳೆದು ಲೆಕ್ಕ ಹಾಕಿ.

ಸೆಕ್ಟರ್ 22 ಎಲ್ಲಕ್ಕಿಂತ ಮೊದಲು ಎದ್ದ ವಸತಿ ಸೆಕ್ಟರ್. ಸರ್ಕಾರಿ ನೌಕರರಿಗಾಗಿ ಕಟ್ಟಿದ್ದು. ಆಗ ನೌಕರರ ದರ್ಜೆಗೆ ತಕ್ಕಂತೆ ಹದಿಮೂರು, ಹದಿನಾಲ್ಕು ಬಗೆಯ ಮನೆ ಮಾಡಿದ್ದರು. ಮುಖ್ಯಮಂತ್ರಿಯ ಮನೆ ಒಂದು ತುದಿ, ಜವಾನರ ಮನೆ ಇನ್ನೊಂದು ತುದಿ. ಜವಾನರ ಮನೆಗೂ ನೀರು, ಕರೆಂಟು, ಹಿತ್ತಲು ಇತ್ತು. ಆ ಸಾಲು ಮನೆಗಳು ಇನ್ನೂ ಇವೆ. ಬಣ್ಣ ಹಚ್ಚದ ಇಟ್ಟಿಗೆ ಗೋಡೆ. ಗೋಡೆಯಿಂದ ಆಚೆ ಚಾಚಿದ ಕಾಂಕ್ರೀಟಿನ ನೆರಳು ಪಟ್ಟಿ. ಇಟ್ಟಿಗೆಯನ್ನು ಒಂದು ಬಿಟ್ಟು ಒಂದು ಜೋಡಿಸಿದ ಜಾಲಿ. ಜಾಲಿಯೊಳಗಿಂದ ಗಾಳಿ ಬರುತ್ತದೆ, ಬಿಸಿಲು ಬರುವುದಿಲ್ಲ, ಒಳಗಿನವರು ಹೊರಗಿನವರಿಗೆ ಕಾಣುವುದಿಲ್ಲ. ನಾಲ್ಕಾಣೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ಗೋಡೆಯನ್ನು ಈಚೆಗೆ ಯಾರೂ ಕಟ್ಟುತ್ತಿಲ್ಲ.

ಅಂಥ ಗಲ್ಲಿಯೊಂದರ ಖಾಸಗಿ ಮನೆಯ ಮೊದಲ ಮಹಡಿಯಲ್ಲಿ ನಾವು ನಾಲ್ಕು ವರ್ಷ ಇದ್ದೆವು. ಜನವರಿಯಲ್ಲಿ ಮಂಜು ಹರಿದು ಹನ್ನೊಂದಕ್ಕೆ ಬಿಸಿಲು ಬಂದರೆ ಸಾಕು, ಗಲ್ಲಿಯ ಹೆಂಗಸರೆಲ್ಲ ಪಾರ್ಕಿನಲ್ಲಿ ಸೇರುತ್ತಿದ್ದರು. ಹಗ್ಗದ ಮಂಚ, ಮಡಿಲಲ್ಲಿ ಬಟಾಣಿ. ಕೆಳಗಿನ ಮನೆಯ ಬೀಜಿಗೆ, ಅಂದರೆ ಅಜ್ಜಿಗೆ, ಎಪ್ಪತ್ತೆಂಟು. "ಬೇಟಾ, ಬಂದು ಬಿಸಿಲು ಕಾಯಿಸಿಕೋ, ಮೂಳೆಗೆ ಒಳ್ಳೇದು" ಅಂತ ನನ್ನನ್ನೂ ಕೂರಿಸಿ ಒಂದು ಮೊರ ಬಟಾಣಿ ಕೈಗಿಡುತ್ತಿದ್ದರು. ಸಾಸಿವೆ ಸೊಪ್ಪಿನ ಸಾಗ್ ಮಾಡಿದ ದಿನ ಒಂದು ಬಟ್ಟಲು ಮೇಲೆ ಬರುತ್ತಿತ್ತು, ನಮ್ಮ ಬಿಸಿಬೇಳೆಬಾತು ಕೆಳಗೆ ಹೋಗುತ್ತಿತ್ತು. ಖಾರ ಕಮ್ಮಿ ಹಾಕು ಅಂತ ವಾಪಸ್ ಸುದ್ದಿ ಬರುತ್ತಿತ್ತು.

ಅಂಗಡಿ ಬೀದಿ ಮೂರು ನಿಮಿಷ. ಶಾಸ್ತ್ರಿ ಮಾರ್ಕೆಟ್, ಮೊಬೈಲ್ ಅಂಗಡಿಗಳು, ಫ್ರೈ ವಿನ್ಯಾಸ ಮಾಡಿದ ಕಿರಣ್ ಟಾಕೀಸು ಎಲ್ಲ ಅಲ್ಲೇ. ರಸ್ತೆ ದಾಟಿದರೆ 17ರ ಬಯಲು ಮಾರುಕಟ್ಟೆ, ನನ್ನ ಆಫೀಸು. ಗಾಡಿ ತೆಗೆಯದೆ ವಾರಗಟ್ಟಲೆ ಕಳೆದಿದ್ದೇನೆ.

ಈಗ ಕಳೆಯುವ ಲೆಕ್ಕ. ಮಾರುಕಟ್ಟೆ ಹತ್ತಿರವಾದಷ್ಟೂ ಗಲಾಟೆ ಹತ್ತಿರ. ಸಂಜೆ ಹೊರಗಿನವರ ಕಾರು ನಿಮ್ಮ ಗೇಟಿನ ಮುಂದೆ. 1950ರ ದಶಕದ ನಕ್ಷೆಯಲ್ಲಿ ಮನೆಗೆ ಮೂರು ಕಾರು ಅಂತ ಯಾರೂ ಊಹಿಸಿರಲಿಲ್ಲ. ಮನೆಗಳು ಹಳೆಯವು. ಗೋಡೆಯ ಬುಡದಲ್ಲಿ ತೇವ ಏರಿರುತ್ತದೆ, ವೈರಿಂಗ್ ಒಮ್ಮೆ ನೋಡಿಸಬೇಕು. ನೀರು ಬೆಳಿಗ್ಗೆ, ಸಂಜೆ ಹೊತ್ತಿಗೆ ಬರುತ್ತದೆ, ಮೇಲಿನ ಮಹಡಿಗೆ ಒತ್ತಡ ಸಾಲದಿದ್ದರೆ ಮೋಟರ್ ಬೇಕು. ಆ ಮೋಟರ್ ಸ್ವಿಚ್ಚು ಯಾರ ಮನೆಯಲ್ಲಿದೆ ಅಂತ ಮರೆಯದೆ ಕೇಳಿ. ಇದೇ ಇಲ್ಲಿನ ಅರ್ಧ ಜಗಳದ ಮೂಲ.

ಸೆಕ್ಟರ್ 15 ಬೇರೆ ಜಾತಿ. ವಿಶ್ವವಿದ್ಯಾಲಯ ಪಕ್ಕದಲ್ಲೇ ಇರುವುದರಿಂದ ಮನೆ ಮನೆಯೂ ಪಿಜಿ. ರಾತ್ರಿ ಹನ್ನೊಂದಕ್ಕೂ ಪರಾಟಾ ಸಿಗುತ್ತದೆ. ಓದುವ ಮಕ್ಕಳಿಗೆ ಸರಿ, ಪುಟ್ಟ ಮಗು ಇರುವವರಿಗೆ ಬೇಡ. 18, 19, 21 ಇವೆರಡರ ನಡುವೆ: 22ರ ಗಲಾಟೆಯಿಲ್ಲ, ಸಣ್ಣ ನಂಬರಿನ ದೂರವೂ ಇಲ್ಲ. ಇಲ್ಲಿ ಖಾಲಿ ಬೀಳುವುದೇ ಕಮ್ಮಿ. ಬಿದ್ದರೂ ಬೋರ್ಡ್ ಹಾಕುವ ಮೊದಲೇ ಹೋಗಿರುತ್ತದೆ.

31ರಿಂದ 47: ಎರಡನೇ ಹಂತ

1ರಿಂದ 30 ಮೊದಲ ಹಂತ, ಇದು ಎರಡನೆಯದು. ಅದೇ 800ಕ್ಕೆ 1200ರ ಆಯತ, ಆದರೆ ಒಳಗೆ ಜನ ಜಾಸ್ತಿ. ಕನಾಲ್ ಬದಲು ಐದು, ಎಂಟು, ಹತ್ತು ಮರ್ಲಾ. ಜೊತೆಗೆ 1976ರಲ್ಲಿ ಶುರುವಾದ ಚಂಡೀಗಢ ಹೌಸಿಂಗ್ ಬೋರ್ಡಿನ ಎಚ್‌ಐಜಿ, ಎಂಐಜಿ, ಎಲ್‌ಐಜಿ ಮನೆಗಳು. ನಮ್ಮ ಕೆಎಚ್‌ಬಿ ಕಾಲೋನಿ ನೋಡಿದವರಿಗೆ ಮನಸ್ಸಿಗೆ ಹತ್ತಿರವಾಗುತ್ತದೆ.

ಮಧ್ಯಮ ವರ್ಗದ ಸಂಸಾರಕ್ಕೆ ಹೊಂದುವ ಮನೆ ಜಾಸ್ತಿ ಸಿಗುವುದು ಈ ಕಡೆಯೇ. 35ರಲ್ಲಿ ಹೋಟೆಲುಗಳು, 34ರಲ್ಲಿ ಕೋಚಿಂಗ್ ಸೆಂಟರುಗಳು, 32ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು, 43ರಲ್ಲಿ ಬಸ್ ನಿಲ್ದಾಣ ಮತ್ತು ಜಿಲ್ಲಾ ಕೋರ್ಟು. ಮಗ ಅಥವಾ ಮಗಳು ನೀಟ್, ಜೆಇಇ ಅಂತ ಓದುತ್ತಿದ್ದರೆ 33, 35, 44 ನೋಡಿ, ಸಂಜೆ ಕ್ಲಾಸಿಗೆ ಬಿಡುವ ಕರೆತರುವ ರಗಳೆ ತಪ್ಪುತ್ತದೆ. 31ರಲ್ಲಿ ಕಾರ್ತಿಕೇಯ ಸ್ವಾಮಿ ಗುಡಿ, 47ರಲ್ಲಿ ಅಯ್ಯಪ್ಪನ ಗುಡಿ ಇವೆ. ದಕ್ಷಿಣದವರು ಒಬ್ಬರನ್ನೊಬ್ಬರು ಕಂಡುಕೊಳ್ಳುವುದೇ ಅಲ್ಲಿ. ಕೆಲಸದವಳ ನಂಬರಿನಿಂದ ಹಿಡಿದು ಒಳ್ಳೆ ಕಾಫಿಪುಡಿ ಎಲ್ಲಿ ಸಿಗುತ್ತದೆ ಅನ್ನುವವರೆಗೆ ಎಲ್ಲ ಅಲ್ಲಿ ತಿಳಿಯುತ್ತದೆ. ವಾರಕ್ಕೊಮ್ಮೆ ಆಯಾ ಬಯಲಿನಲ್ಲಿ ಅಪ್ನಿ ಮಂಡಿ ಸೇರುತ್ತದೆ, ಸೊಪ್ಪು ತರಕಾರಿ ಅಂಗಡಿಗಿಂತ ಅಗ್ಗ.

ತೊಂದರೆ ಏನು? ಗಲ್ಲಿ ಇಕ್ಕಟ್ಟು. ಐದು ಮರ್ಲಾ ಮನೆಗಳು ಬೆನ್ನಿಗೆ ಬೆನ್ನು ತಾಗಿರುವುದರಿಂದ ನಡುವಿನ ಕೋಣೆಗೆ ಬೆಳಕಿಲ್ಲ, ಹಗಲೂ ದೀಪ. ಹೌಸಿಂಗ್ ಬೋರ್ಡ್ ಮನೆಗಳಲ್ಲಿ ಬಾಲ್ಕನಿ ಮುಚ್ಚಿ ಕೋಣೆ ಮಾಡಿಕೊಂಡಿರುವುದು ಸಾಮಾನ್ಯ. ಬಾಡಿಗೆಗಿರುವವರಿಗೆ ಅದರಿಂದ ಗಾಳಿ ಕಮ್ಮಿ, ಅಷ್ಟೆ. ಕೊಳ್ಳುವವರಿಗೆ ಅದು ಅನುಮತಿಯಿಲ್ಲದ ಬದಲಾವಣೆ ಅಂತ ಬರುವ ನೋಟಿಸಿನ ಚಿಂತೆ.

ದಕ್ಷಿಣದ ತುದಿ: 48ರಿಂದ 51

ಇಲ್ಲಿರುವುದು ಸಹಕಾರಿ ಸೊಸೈಟಿಗಳ ಫ್ಲಾಟುಗಳು. ಗೇಟು, ಸೆಕ್ಯುರಿಟಿ, ನಿಗದಿಯಾದ ಪಾರ್ಕಿಂಗ್, ವಾಟ್ಸಾಪ್ ಗ್ರೂಪು. ನಾನೀಗ ಇರುವುದು 49ರಲ್ಲಿ. ಅಪ್ಪ ಅಮ್ಮ ಊರಿಂದ ಬಂದು ತಿಂಗಳುಗಟ್ಟಲೆ ಇರತೊಡಗಿದ ಮೇಲೆ, ಹಗಲು ಅವರಿಬ್ಬರೇ ಇದ್ದರೂ ಭಯವಿಲ್ಲ ಅಂತ ಬಂದದ್ದು. ಮೊಹಾಲಿಯ ಆಫೀಸು, ವಿಮಾನ ನಿಲ್ದಾಣ ಎರಡೂ ಹತ್ತಿರ.

ನಿಜ ಹೇಳಬೇಕಂದರೆ, ಇಲ್ಲಿ ಕಣ್ಣು ಬಿಟ್ಟರೆ ಚಂಡೀಗಢವೋ ಯಲಹಂಕವೋ ಗೊತ್ತಾಗುವುದಿಲ್ಲ. ಬೆಟ್ಟ ದೂರ, ಸುಖ್ನಾ ಇನ್ನೂ ದೂರ. ಎಲ್ಲ ಸೊಸೈಟಿಯಲ್ಲೂ ಲಿಫ್ಟ್ ಇಲ್ಲ, ಮಂಡಿನೋವಿನ ಅಮ್ಮನನ್ನು ಕರೆತರುವ ಮುನ್ನ ನೋಡಿಕೊಳ್ಳಿ. ತಿಂಗಳ ಮೆಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯಾ ಅಂತ ಬರವಣಿಗೆಯಲ್ಲಿ ಹಾಕಿಸಿ. ಸೆಕ್ಟರ್ 1ರಲ್ಲಿ ಕೆಲಸ ಇರುವವರು ಇಲ್ಲಿಗೆ ಬರಬೇಡಿ, ಊರನ್ನು ದಿನಾ ಎರಡು ಸಲ ಉದ್ದಕ್ಕೂ ಅಳೆಯಬೇಕಾಗುತ್ತದೆ.

ಒಂಟಿಯಾಗಿ ಬರುವ ಹುಡುಗರಿಗೆ, ಕೈಯಲ್ಲಿ ಕಾಸು ಕಮ್ಮಿ ಇರುವವರಿಗೆ ಸೆಕ್ಟರುಗಳ ನಡುವೆ ಸಿಕ್ಕಿಕೊಂಡಿರುವ ಹಳ್ಳಿಗಳಿವೆ: 45ರಲ್ಲಿ ಬುರೈಲ್, 42ರಲ್ಲಿ ಅಟ್ಟಾವಾ. ಊರು ಕಟ್ಟುವ ಮೊದಲಿಂದ ಇದ್ದವು. ಸುತ್ತ ಲಾಲ್ ಡೋರಾ, ಅಂದರೆ ಹಳ್ಳಿಯ ಕೆಂಪು ಗೆರೆ. ಅದರೊಳಗೆ ಸೆಕ್ಟರಿನ ಕಟ್ಟುನಿಟ್ಟು ಇಲ್ಲ. ಮನೆಗಳು ಗಲ್ಲಿ ಮೇಲೆ ಬಾಗಿ ನಿಂತಿವೆ, ಬೈಕ್ ನಿಲ್ಲಿಸಲೂ ಜಾಗವಿಲ್ಲ. ಬಾಡಿಗೆ ಮಾತ್ರ ಊರಲ್ಲೇ ಅಗ್ಗ. ಮೊದಲ ಆರು ತಿಂಗಳಿಗೆ ಸರಿ. ಫೈರ್ ಎಂಜಿನ್ ಬರುವಷ್ಟು ಅಗಲದ ಗಲ್ಲಿ ಇದೆಯಾ ನೋಡಿ ಹಿಡಿಯಿರಿ.

ಗೆರೆ ದಾಟಿದರೆ

ಪಂಚಕುಲ ಹರಿಯಾಣಕ್ಕೆ, ಮೊಹಾಲಿ ಪಂಜಾಬಿಗೆ ಸೇರಿದವು. ಎರಡೂ ಚಂಡೀಗಢದ ಅಚ್ಚಿನಲ್ಲೇ ಎದ್ದವು. ಅದೇ ದುಡ್ಡಿಗೆ ಒಂದು ಕೋಣೆ ಜಾಸ್ತಿ ಸಿಗುತ್ತದೆ ಅನ್ನುವುದು ಹೆಚ್ಚಿನ ಜನರ ಲೆಕ್ಕ, ಅದು ಸರಿಯೇ. ಚಂಡಿಮಂದಿರಕ್ಕೆ ಬರುವ ಸೈನ್ಯದವರು, ರೈಲಿನಲ್ಲಿ ಜಾಸ್ತಿ ಓಡಾಡುವವರು ಪಂಚಕುಲ ನೋಡಿ. ರೈಲು ನಿಲ್ದಾಣ ಆ ಕಡೆಗೇ ಇದೆ. ಐಸರ್ ಸೇರುವವರಿಗೆ ಮೊಹಾಲಿ. ಜೀರಕಪುರದ ಎತ್ತರದ ಅಪಾರ್ಟ್‌ಮೆಂಟುಗಳು ಎಲ್ಲಕ್ಕಿಂತ ಅಗ್ಗ, ಆದರೆ ಅಲ್ಲಿ ಯೋಜನೆ ಅನ್ನುವುದೇ ಇಲ್ಲ. ಮಳೆಗಾಲದಲ್ಲಿ ಒಮ್ಮೆ ಹೋಗಿ ರಸ್ತೆ ನೋಡಿ ಬನ್ನಿ, ಬೆಂಗಳೂರು ನೆನಪಾಗುತ್ತದೆ.

ಮಕ್ಕಳು ಹೈಸ್ಕೂಲಿಗೆ ಬಂದಿದ್ದರೆ ಒಂದು ವಿಷಯ. ಇಲ್ಲಿನ ಕೆಲವು ಕಾಲೇಜುಗಳಲ್ಲಿ ಚಂಡೀಗಢದ ಪಾಲಿನ ಸೀಟು ಸಿಗುವುದು ಚಂಡೀಗಢದ ಶಾಲೆಯಲ್ಲಿ ಓದಿದವರಿಗೆ. ಮನೆ ಮೊಹಾಲಿಯಲ್ಲಿದ್ದರೂ ಶಾಲೆ ಯಾವ ಕಡೆಯದು ಅಂತ ಹನ್ನೊಂದನೇ ಕ್ಲಾಸಿಗೆ ಸೇರಿಸುವ ಮೊದಲೇ ಯೋಚಿಸಿ, ಆ ವರ್ಷದ ನಿಯಮ ಓದಿ.

ಕೊಳ್ಳುವವರಿಗೆ

ಬಾಡಿಗೆಯವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಹಳೆಯ ಸೆಕ್ಟರಿನಲ್ಲಿ ಇಡೀ ಕೋಠಿ ಕೊಳ್ಳುವುದು ನಮ್ಮಂಥವರ ಕೈಲಾಗದು. ಹಾಗಾಗಿ ಬಹಳ ಕಾಲ ಒಂದು ದಾರಿ ನಡೆಯುತ್ತಿತ್ತು. ಮೂರು ಮಹಡಿಯ ಮನೆಯಲ್ಲಿ ಮೂರನೇ ಒಂದು ಪಾಲು ಅಂತ ನೋಂದಣಿ, ಯಾರಿಗೆ ಯಾವ ಮಹಡಿ ಅಂತ ಒಳಗೊಳಗೆ ಕರಾರು. ಕಾಗದದಲ್ಲಿ ಒಂದೇ ಮನೆ, ನಿಜದಲ್ಲಿ ಮೂರು ಫ್ಲಾಟು. 2023ರ ಜನವರಿ 10ರಂದು ಸುಪ್ರೀಂ ಕೋರ್ಟ್ ಇದನ್ನು ಮೊದಲ ಹಂತದಲ್ಲಿ, ಅಂದರೆ 1ರಿಂದ 30ರ ಸೆಕ್ಟರುಗಳಲ್ಲಿ, ತಡೆಯಿತು. ಊರಿನ ಪಾರಂಪರಿಕ ಸ್ವರೂಪ ಉಳಿಯಬೇಕು ಅನ್ನುವುದು ಕಾರಣ. ತೀರ್ಪು ಕೊಟ್ಟ ಪೀಠದಲ್ಲಿ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಜೊತೆ ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಅವರಿದ್ದರು. ಆ ತೀರ್ಪಿನಲ್ಲಿ ಬೆಂಗಳೂರಿನ ಪ್ರಸ್ತಾಪವೂ ಇದೆ, ಯೋಜನೆಯಿಲ್ಲದೆ ಬೆಳೆದರೆ ಏನಾಗುತ್ತದೆ ಅನ್ನುವ ಎಚ್ಚರಿಕೆಗೆ ಉದಾಹರಣೆಯಾಗಿ. ಓದಿದಾಗ ಹೊಟ್ಟೆಯಲ್ಲಿ ಏನೋ ಆಯಿತು, ಆದರೆ ಅಲ್ಲಗಳೆಯುವ ಹಾಗಿಲ್ಲ, ಅಲ್ವಾ?

ಆಮೇಲೆ ಚಂಡೀಗಢದ ಆಡಳಿತವು ಕುಟುಂಬದ ಹೊರಗಿನವರಿಗೆ ಪಾಲು ವರ್ಗಾಯಿಸುವುದನ್ನು ನಿಲ್ಲಿಸಿತು. ಆದರೂ "ಏನೂ ಆಗಲ್ಲ ಸಾರ್, ಎಲ್ಲರೂ ಮಾಡುತ್ತಾರೆ" ಅನ್ನುವ ದಲ್ಲಾಳಿಗಳು ಸಿಗುತ್ತಾರೆ. ಅಂಥವರಿಗೆ ಟೋಕನ್ ಕೊಡುವ ಮೊದಲು ಸ್ಥಳೀಯ ವಕೀಲರ ಬಳಿ ಹೋಗಿ. ಒಂದೇ ಮಹಡಿ ಕೊಳ್ಳುವಷ್ಟು ಬಜೆಟ್ ಇರುವವರಿಗೆ ನೇರ ದಾರಿ ಅಂದರೆ 48ರಿಂದ 51ರ ಸೊಸೈಟಿ ಫ್ಲಾಟು, ಹೌಸಿಂಗ್ ಬೋರ್ಡ್ ಮನೆ, ಇಲ್ಲವೇ ಗೆರೆಯ ಆಚೆ. ಅಲ್ಲೂ ಲೀಸ್‌ಹೋಲ್ಡೋ (ಜಾಗ ಗುತ್ತಿಗೆಯದು) ಫ್ರೀಹೋಲ್ಡೋ (ಪೂರ್ತಿ ಸ್ವಂತದ್ದು), ಬಾಕಿ ನೋಟಿಸ್ ಏನಾದರೂ ಇದೆಯೋ ನೋಡಲೇಬೇಕು.

ಹಾಗಾದರೆ ಸೆಕ್ಟರ್ 8ಓ, 38ಓ? ಫೋನ್ ಮಾಡಿದ್ದವರಿಗೆ 17ರಲ್ಲಿ ಕೆಲಸ, ಒಂದೇ ಕಾರು, ಏಳನೇ ಕ್ಲಾಸಿನ ಮಗಳು. 8ರಲ್ಲಿ ಅವರ ದುಡ್ಡಿಗೆ ಸಿಗುತ್ತಿದ್ದುದು ಬರಸಾತಿ. 38ರಲ್ಲಿ ಎರಡು ಕೋಣೆಯ ಮೊದಲ ಮಹಡಿ, ಆಗ್ನೇಯಕ್ಕೆ ಬಾಲ್ಕನಿ. 38 ಅಂದೆ. 22ರಲ್ಲಿ ಅಂಥದ್ದೇ ಒಂದು ಖಾಲಿ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ.

ಮನೆ ಒಪ್ಪುವ ಮೊದಲು ಮಧ್ಯಾಹ್ನ ಮೂರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಹೋಗಿ ನೋಡಿ. ಮೊದಲನೆಯದು ಬಿಸಿಲಿಗೆ, ಎರಡನೆಯದು ಪಾರ್ಕಿಂಗಿಗೆ. ಪಕ್ಕದಲ್ಲಿ ಕಮ್ಯುನಿಟಿ ಸೆಂಟರ್ ಇದ್ದರೆ ನವೆಂಬರಿನಿಂದ ಫೆಬ್ರವರಿಯವರೆಗೆ ಮದುವೆ ಡಿಜೆ ಗ್ಯಾರಂಟಿ. ಬಾಡಿಗೆದಾರರ ಪೊಲೀಸ್ ವೆರಿಫಿಕೇಶನ್ ಇಲ್ಲಿ ಕಡ್ಡಾಯ, ಆಧಾರ್ ಪ್ರತಿ ಮತ್ತು ಎರಡು ಫೋಟೋ ಕೈಯಲ್ಲೇ ಇರಲಿ. ನವೆಂಬರ್ 1ರಂದು ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ನಮಗೆ ರಾಜ್ಯೋತ್ಸವ, 1966ರಲ್ಲಿ ಅದೇ ದಿನ ಹರಿಯಾಣ ಹುಟ್ಟಿ ಚಂಡೀಗಢ ಎರಡು ರಾಜ್ಯಗಳ ರಾಜಧಾನಿಯಾಯಿತು. ಓನರ್ ಹರಿಯಾಣ ಸರ್ಕಾರದ ನೌಕರರಾಗಿದ್ದರೆ ಅವತ್ತು ಅವರು ಊರಲ್ಲಿ ಸಿಗುವುದೇ ಅನುಮಾನ.